ರಾಯಾಪುರದಿಂದ ಒಂದು ಆಸೆ

ಹುಬ್ಬಳ್ಳಿ-ಧಾರವಾಡ ನಡುವಿನ ರಾಯಾಪುರದಲ್ಲಿ ಚಿಗರಿ ಬಸ್ಸಿಗೆ ಕಾಯುತ್ತ ಚಾರ್ಲ್ಸ್ ಮಿಂಗಸ್‌ನ 1963ರ ಆಲ್ಬಂ 'ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ' ಕೇಳುತ್ತಿದ್ದೆ. ಹನ್ನೊಂದು ಜನರ ಜಾಝ್ ತಂಡ, ನಾಯಕನದೇ ರಚನೆ. ಎಲ್ಲರೂ ಅವನು ಕಟ್ಟಿದ್ದನ್ನೇ ನುಡಿಸುತ್ತಾರೆ, ಆದರೂ ಒಬ್ಬೊಬ್ಬರ ದನಿಯೂ ಬೇರೆ ಬೇರೆಯಾಗಿ ಕೇಳುತ್ತದೆ.

ಅದರಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮರಿಯಾನೊ ಮುಂದೆ ನಾಗಸ್ವರ ಕಲಿತರು, ನಮ್ಮ ಬೆಂಗಳೂರಿನೊಂದಿಗೂ ನಂಟು ಬೆಳೆಸಿದರು. ಅಲ್ಲಿನ ಮೃದಂಗ ವಾದಕ ಟಿ.ಎ.ಎಸ್. ಮಣಿ ಅವರ 'ಕರ್ನಾಟಕ ಕಾಲೇಜ್ ಆಫ್ ಪರ್ಕಶನ್' ಜೊತೆ 1983ರಲ್ಲಿ 'ಜ್ಯೋತಿ' ಆಲ್ಬಂ ಧ್ವನಿಮುದ್ರಿಸಿದರು. ಅದರಲ್ಲಿ ಆರ್.ಎ. ರಮಾಮಣಿ ಅವರ ಹಾಡುಗಾರಿಕೆ ಕೇಳಿ. ಸ್ಯಾಕ್ಸೊಫೋನು ಅತಿಥಿಯಂತೆ ದೂರ ಕೂರುವುದಿಲ್ಲ, ಮೃದಂಗದ ಲೆಕ್ಕಾಚಾರದೊಳಗೇ ಉಸಿರಾಡುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡವಾದರೋ ದೊಡ್ಡ ಹಿಂದೂಸ್ತಾನಿ ಗಾಯಕರ ಊರು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು: ಒಬ್ಬರೇ ಕೂತು ಒಂದು ಚೀಜಿನಿಂದ, ಅಂದರೆ ಪುಟ್ಟ ರಚನೆಯಿಂದ, ಇಡೀ ರಾಗವನ್ನು ಬಿಡಿಸಿಟ್ಟವರು. ಆ ದಾರಿ ನಮಗೆ ಗೊತ್ತು. ಹತ್ತು-ಹದಿನೈದು ಮಂದಿಗೆಂದೇ ಹೊಸದಾಗಿ ರಚಿಸುವ, ಯಾರು ಯಾವಾಗ ಸುಮ್ಮನಿರಬೇಕು, ಯಾರು ಯಾವಾಗ ಮನಸೋಕ್ತ ಹಾರಬೇಕು ಎಂದು ಮೊದಲೇ ಯೋಚಿಸುವ ಕಲೆಯೂ ಇಲ್ಲಿ ಬೆಳೆಯಬೇಕು.

ಸಿತಾರ್, ತಬಲಾ, ಹಾರ್ಮೋನಿಯಂ ಕೈಯಲ್ಲಿರುವ ಹುಡುಗ ಹುಡುಗಿಯರು ಇಲ್ಲಿ ಓಣಿಗೊಬ್ಬರಿದ್ದಾರೆ. ಬ್ಯಾಂಡ್ ಕಂಪನಿಗಳಲ್ಲಿ ಕಹಳೆ, ಕ್ಲ್ಯಾರಿನೆಟ್ ನುಡಿಸುವವರೂ ಇದ್ದಾರೆ. ಇವರನ್ನೆಲ್ಲ ಕೂಡಿಸಿ, ಸ್ವಂತ ರಚನೆ ಬರೆದು ನಡೆಸುವ ಒಬ್ಬರು ಮುಂದೆ ಬರಲಿ. ಮೊದಲ ಸಾಲಿನಲ್ಲಿ ಕೂತು ಕೇಳಲು ನಾನು ತಯಾರು. ನೀವು?