ಕುದಿಸಿದರೂ ಹೋಗದ ಹಸಿರು

ನಮ್ಮ ಕಡೆಯ ಮಾತಿನಲ್ಲಿ ಪಾಚಿ ಎಂದರೆ ಜಾರುವ ವಸ್ತು, ವಿಷವಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ, ಬಾವಿಕಟ್ಟೆಯ ಮಗ್ಗುಲಲ್ಲಿ, ಮಳೆಗಾಲದ ಅಂಗಳದಲ್ಲಿ ಅದು ತಾನಾಗಿ ಬೆಳೆಯುತ್ತಿತ್ತು. ‘ಹುಷಾರು, ಜಾರೀತು’ ಎಂಬುದಷ್ಟೇ ಹಿರಿಯರ ಎಚ್ಚರಿಕೆ. ಒಹಾಯೊ ರಾಜ್ಯದ ವಾಯವ್ಯ ಮೂಲೆಯಲ್ಲಿ, ಈರೀ ಸರೋವರದ ಪಶ್ಚಿಮ ತುದಿಯ ಟೊಲೀಡೊ ನಗರದ ಬಳಿ ಮನೆ ಮಾಡಿದ ಮೇಲೆಯೇ ಆ ಪದಕ್ಕೆ ಇನ್ನೊಂದು ಮುಖವಿದೆಯೆಂದು ನನಗೆ ಮನವರಿಕೆಯಾದದ್ದು.

2014ರ ಆಗಸ್ಟ್ 2, ಶನಿವಾರದ ನಸುಕಿನಲ್ಲಿ ನಗರಾಡಳಿತ ಒಂದು ಪ್ರಕಟಣೆ ಹೊರಡಿಸಿತು: ನಲ್ಲಿಯ ನೀರನ್ನು ಕುಡಿಯಬೇಡಿ, ಕುದಿಸಲೂ ಬೇಡಿ, ಸಾಕುಪ್ರಾಣಿಗಳಿಗೂ ಕೊಡಬೇಡಿ. ಸುಮಾರು ನಾಲ್ಕು ಲಕ್ಷ ಜನರಿಗೆ ಅನ್ವಯಿಸುವ ಆಜ್ಞೆ. ಆಗ ಹಾಸನದಿಂದ ಬಂದು ನಮ್ಮೊಡನಿದ್ದ ಅತ್ತೆಯವರು, ನೀರು ಕೆಟ್ಟಿದೆಯೆಂಬ ಅರ್ಧ ಸುದ್ದಿಯನ್ನಷ್ಟೇ ಕೇಳಿ, ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಾಗಿತ್ತು. ಉಳಿದರ್ಧವನ್ನು ಹೇಳಿದಾಗ ಅವರು ನಂಬಲಿಲ್ಲ. “ಕಾಯಿಸಿ ಆರಿಸಿದ ನೀರಿಗೂ ದೋಷವೇನಮ್ಮಾ? ಬೆಂಕಿಗೆ ಸಾಯದ ಹುಳ ಯಾವುದು?” ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಕಾಲರಾ, ಟೈಫಾಯಿಡ್‌ಗಳನ್ನು ಕಂಡ ತಲೆಮಾರು ನಮಗೆ ಕೊಟ್ಟ ವಿವೇಕವೆಂದರೆ ಕಾಯಿಸಿದ ನೀರು. ಆದರೆ ಇಲ್ಲಿ ಹುಳ ಸತ್ತರೆ ಸಾಲದು. ನೀಲಿ-ಹಸಿರು ಪಾಚಿ ಎಂದು ನಾವು ಕರೆಯುವ ಈ ಜೀವಿ ನಿಜಕ್ಕೂ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಾಣು. ಅದರ ಕೋಶ ಒಡೆದಾಗ ಒಳಗಿನ ಮೈಕ್ರೋಸಿಸ್ಟಿನ್ ಎಂಬ ವಿಷ ನೀರಿಗೆ ಸೇರುತ್ತದೆ. ಕುದಿಯುವ ಶಾಖಕ್ಕೆ ಆ ವಿಷ ಅಳಿಯುವುದಿಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದದ್ದು ಗಾಢವಾಗುತ್ತದೆ. ಕುಡಿಯುವ ನೀರಿನಲ್ಲಿ ಆಗ ಪಾಲಿಸುತ್ತಿದ್ದ ಅದರ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ಆಗಿತ್ತು. ಅಂದು ನಮ್ಮ ನಲ್ಲಿಯ ನೀರು ಆ ಗೆರೆಯನ್ನು ದಾಟಿತ್ತು. ನೋಡಲು ಸ್ಫಟಿಕದಂತೆ ತಿಳಿಯಾಗಿಯೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳಲ್ಲಿ ಒಂದು ಬಾಟಲಿ ನೀರೂ ಉಳಿದಿರಲಿಲ್ಲ. ಗಡಿ ದಾಟಿ ಮಿಶಿಗನ್‌ನಿಂದ ತಂದದ್ದಾಯಿತು. ಇಡ್ಲಿಗೆಂದು ಹಿಂದಿನ ರಾತ್ರಿ ನೆನೆಹಾಕಿದ್ದ ಅಕ್ಕಿ, ಉದ್ದು ಕಸಕ್ಕೆ ಹೋದವು. ಸೋಮವಾರ ನಿರ್ಬಂಧ ತೆರವಾಗಿ, ನಗರದ ಮೇಯರ್ ಪತ್ರಕರ್ತರೆದುರು ಒಂದು ಲೋಟ ನಲ್ಲಿ ನೀರು ಕುಡಿದು ತೋರಿಸಿದರು. “ಇವತ್ತು ಕುಡಿದದ್ದು ಸರಿ, ನಾಳೆ ಹೇಗಿದ್ದಾರೋ ನೋಡೋಣ” ಎಂದು ಅತ್ತೆಯವರು ಮತ್ತೆರಡು ದಿನ ಬಾಟಲಿ ನೀರನ್ನೇ ಕುಡಿದರು.

ಈ ಹಸಿರಿನ ಮೂಲ ಹೊಲದಲ್ಲಿದೆ. ಮೌಮೀ ನದಿ ಹರಿದು ಬರುವ ಸೀಮೆಯೆಲ್ಲ ಜೋಳ, ಸೋಯಾಬೀನಿನ ಬಯಲು. ವಸಂತದ ಮಳೆ ಗೊಬ್ಬರದಲ್ಲಿನ ರಂಜಕವನ್ನು ತೊಳೆದು ನದಿಗೆ, ನದಿ ಸರೋವರಕ್ಕೆ ತರುತ್ತದೆ. ಈರೀಯ ಪಶ್ಚಿಮ ಭಾಗ ಆಳವಿಲ್ಲದ್ದು. ಬೇಸಿಗೆಯಲ್ಲಿ ಬೇಗ ಬಿಸಿಯಾಗುತ್ತದೆ. ಸಯನೋಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಡಿಎಪಿ ಚೀಲಗಳನ್ನು ಹೊತ್ತ ಎತ್ತಿನ ಗಾಡಿಯ ಮೇಲೆ ಕುಳಿತು ಬೆಳೆದ ನನಗೆ ರೈತನತ್ತ ಬೆರಳು ತೋರಿಸುವ ಉತ್ಸಾಹವಿಲ್ಲ. ಹಿಂದೊಮ್ಮೆ ಇದೇ ಸರೋವರ ಸತ್ತಿತೆಂದು ಪತ್ರಿಕೆಗಳು ಬರೆದಾಗ, ಅಮೆರಿಕ ಮತ್ತು ಕೆನಡಾಗಳು 1972ರಲ್ಲಿ ಒಪ್ಪಂದ ಮಾಡಿಕೊಂಡು ಕೊಳಚೆ ನೀರಿನ ಮತ್ತು ಬಟ್ಟೆ ಸೋಪಿನ ರಂಜಕಕ್ಕೆ ಕಡಿವಾಣ ಹಾಕಿದ್ದವು; ಸರೋವರ ಚೇತರಿಸಿಕೊಂಡಿತ್ತು. ಕಾರ್ಖಾನೆಯ ಕೊಳವೆಗೆ ಬಿರಡೆ ಹಾಕಬಹುದು. ಸಾವಿರಾರು ಹೊಲಗಳಿಂದ ಒಸರುವ ನೀರಿಗೆ ಬಿರಡೆ ಎಲ್ಲಿದೆ?

ದೊಡ್ಡ ಸರೋವರಕ್ಕಾದರೂ ಕಾವಲುಗಾರರಿದ್ದಾರೆ. ಉಪಗ್ರಹದ ಚಿತ್ರಗಳಿವೆ, ಬೇಸಿಗೆಯಲ್ಲಿ ನೀರಿನ ಪರೀಕ್ಷೆಯಿದೆ, ಸರ್ಕಾರಿ ತೀರಗಳಲ್ಲಿ ಎಚ್ಚರಿಕೆಯ ಫಲಕಗಳಿವೆ. ನನ್ನ ಭಯವೆಲ್ಲ ನಮ್ಮ ಬಡಾವಣೆಗಳ ನಡುವಿನ ಪುಟ್ಟ ಕೊಳಗಳದ್ದು. ಮಳೆನೀರು ನಿಲ್ಲಲೆಂದು ತೋಡಿದ ಇವುಗಳ ಸುತ್ತ ಹುಲ್ಲುಹಾಸು, ಹುಲ್ಲಿಗೆ ಧಾರಾಳ ಗೊಬ್ಬರ. ಪರೀಕ್ಷಿಸುವವರು ಯಾರೂ ಇಲ್ಲ.

ನಮ್ಮ ಕೂಟದ ಸ್ನೇಹಿತರೊಬ್ಬರ ಮನೆಯಲ್ಲಿ ಬೆಲ್ಲ ಎಂಬ ನಾಯಿಯಿತ್ತು. ಮೈಬಣ್ಣ ನೋಡಿ ಇಟ್ಟ ಹೆಸರು. ನೆರೆಯವರು ಅದನ್ನು ‘ಬೆಲ್ಲಾ’ ಎಂಬ ಇಟಾಲಿಯನ್ ಹೆಸರೆಂದೇ ತಿಳಿದಿದ್ದರು. ಒಂದು ಜುಲೈ ಸಂಜೆ ಅದು ಬಡಾವಣೆಯ ಕೊಳಕ್ಕೆ ಹಾರಿ, ಈಜಿ, ಮೈ ನೆಕ್ಕಿಕೊಳ್ಳುತ್ತ ಮನೆಗೆ ಬಂತು. ಗಂಟೆಯೊಳಗೆ ಜೊಲ್ಲು ಸುರಿಯಿತು, ಕಾಲುಗಳು ತಡವರಿಸಿದವು, ಮೈ ಸೆಟೆದು ನಡುಗತೊಡಗಿತು. ಪಶುವೈದ್ಯರು ಉಸಿರಾಟಕ್ಕೆ ಆಸರೆ ಕೊಡಬಲ್ಲವರಾಗಿದ್ದರು. ಈ ವಿಷಕ್ಕೆ ಪ್ರತಿವಿಷವಿಲ್ಲ. ನಡುರಾತ್ರಿಗೆ ಮುನ್ನ ಬೆಲ್ಲ ಹೋಯಿತು. ಒಂಬತ್ತು ವರ್ಷದ ಅವರ ಮಗಳು ಅದೇ ಕೊಳದಲ್ಲಿ ಮೊಣಕಾಲುದ್ದ ಇಳಿದು ಚೆಂಡು ಹೆಕ್ಕಿದ್ದಳು. ಅವಳ ಕಾಲಿಗೆ ಎರಡು ದಿನ ತುರಿಕೆಯಿತ್ತು, ಅಷ್ಟೇ. ಆ ‘ಅಷ್ಟೇ’ ಎಂಬ ಮಾತನ್ನು ಅವಳ ತಾಯಿ ಇಂದಿಗೂ ಪೂರ್ತಿ ಹೇಳಲಾರರು.

ನಾಯಿಗಳೇ ಮೊದಲು ಬಲಿಯಾಗಲು ಕಾರಣವಿದೆ. ಗಾಳಿ ಪಾಚಿಯನ್ನು ದಡಕ್ಕೆ ತಳ್ಳಿ ದಪ್ಪ ಕೆನೆಯಂತೆ ಕೂಡಿಹಾಕುವಲ್ಲೇ ಅವು ನೀರಿಗಿಳಿಯುತ್ತವೆ. ರೋಮಕ್ಕೆ ಅಂಟಿದ್ದನ್ನೆಲ್ಲ ನೆಕ್ಕಿ ನುಂಗುತ್ತವೆ. ನರಗಳನ್ನು ಹಿಡಿಯುವ ಅನಾಟಾಕ್ಸಿನ್ ಕೆಲವೊಮ್ಮೆ ನಿಮಿಷಗಳಲ್ಲೇ ಕೊಲ್ಲಬಲ್ಲದು. ಯಕೃತ್ತನ್ನು ಕೆಡಿಸುವ ಮೈಕ್ರೋಸಿಸ್ಟಿನ್ ತುಸು ನಿಧಾನ. ಮನುಷ್ಯರಲ್ಲಿ ಬಹುತೇಕ ಚರ್ಮದ ಉರಿ, ವಾಂತಿ, ಭೇದಿಗಳಲ್ಲಿ ಮುಗಿಯುತ್ತದೆ. ಯಾವಾಗಲೂ ಅಲ್ಲ. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಿನಲ್ಲಿ ಈ ವಿಷ ಸೇರಿ, 50ಕ್ಕೂ ಹೆಚ್ಚು ರೋಗಿಗಳು ಯಕೃತ್ತು ಕೈಕೊಟ್ಟು ತೀರಿಕೊಂಡರು.

ನಮ್ಮ ಬೇಸಿಗೆಯ ವನಭೋಜನಗಳು ನೀರಿನ ದಂಡೆಯಲ್ಲೇ ನಡೆಯುವುದರಿಂದ ಇಷ್ಟು ಹೇಳಬೇಕೆನಿಸಿತು. ನೀರಿನ ಮೇಲೆ ಬಣ್ಣ ಚೆಲ್ಲಿದಂತೆ, ಅವರೆಕಾಳಿನ ಸಾರು ಹರಡಿದಂತೆ ಹಸಿರು ಕಂಡರೆ ದೂರವಿರಿ. ಕಡ್ಡಿಯಿಂದ ಎತ್ತಿದಾಗ ಕೂದಲಿನಂತೆ ಎಳೆಎಳೆಯಾಗಿ ಬಂದರೆ ಅದು ಹೆಚ್ಚಾಗಿ ನಮ್ಮ ಹಳೆಯ ನಿರುಪದ್ರವಿ ಪಾಚಿ. ಬಣ್ಣದಂತೆ ಕಡ್ಡಿಗೆ ಮೆತ್ತಿಕೊಂಡರೆ ಸಂಶಯಪಡಿ. ಇದು ಅಂದಾಜಷ್ಟೇ, ಪ್ರಯೋಗಾಲಯದ ಪರೀಕ್ಷೆಗೆ ಸಮನಲ್ಲ. ಹಸಿರು ಕರಗಿದ ಮೇಲೂ ವಿಷ ಕೆಲಕಾಲ ಉಳಿಯಬಹುದು. ನಾಯಿ ನೀರಿಗಿಳಿದುಬಿಟ್ಟರೆ, ನೆಕ್ಕಿಕೊಳ್ಳುವ ಮೊದಲೇ ಶುದ್ಧ ನೀರಿನಲ್ಲಿ ತೊಳೆದು ಪಶುವೈದ್ಯರಿಗೆ ಫೋನ್ ಮಾಡಿ. ಲಕ್ಷಣಕ್ಕಾಗಿ ಕಾಯಬೇಡಿ. ಕಾರಿನಲ್ಲಿ ಅದಕ್ಕೆಂದೇ ಒಂದು ಕ್ಯಾನ್ ನೀರಿರಲಿ.

ಬೆಲ್ಲ ಹೋದ ಮೇಲೆ ಸ್ನೇಹಿತರು ತಮ್ಮ ಬಡಾವಣೆಯ ನಿವಾಸಿಗಳ ಸಭೆಗೆ ಹೋಗಿ ಎರಡು ಬೇಡಿಕೆ ಇಟ್ಟರು: ಹುಲ್ಲಿಗೆ ರಂಜಕವಿಲ್ಲದ ಗೊಬ್ಬರ, ಕೊಳದ ಸುತ್ತ ಕತ್ತರಿಸದೆ ಬಿಟ್ಟ ಹುಲ್ಲಿನ ಒಂದು ಪಟ್ಟಿ. ಎರಡು ವರ್ಷ ಪತ್ರ ಬರೆದು, ಬಾಗಿಲು ಬಾಗಿಲು ತಟ್ಟಿದ ಮೇಲೆ ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಈಗ ಆ ಪಟ್ಟಿಯಲ್ಲಿ ಆಳೆತ್ತರದ ಹುಲ್ಲು, ಹಳದಿ ಹೂ ಬೆಳೆದಿವೆ. ನೋಡಲು ಕಾಡಿನಂತಿದೆ, ಮನೆಗಳ ಬೆಲೆ ಇಳಿದೀತು ಎಂದು ಕೆಲವರು ಈಗಲೂ ಗೊಣಗುತ್ತಾರೆ.