ಅಪ್ಪನ ಕಣ್ಣು ಮತ್ತು ನನ್ನ ಎಂಎಸ್

ನನ್ನ ಅಸೈನ್‌ಮೆಂಟಿನ ಗಡುವು ಅಮೆರಿಕದ ರಾಚೆಸ್ಟರ್ ಊರಿನಲ್ಲಿ ರಾತ್ರಿ 11:59. ಅಂದ್ರೆ ಬೆಂಗಳೂರಲ್ಲಿ ಮರುದಿನ ಬೆಳಗ್ಗೆ 9:29. ನಮ್ಮ ಟೀಮಿನ ಸ್ಟ್ಯಾಂಡಪ್ 9:30ಕ್ಕೆ. ಈ ಒಂದು ನಿಮಿಷದ ಸಂದಿಯಲ್ಲಿ ನಾನು ಮೂರು ವರ್ಷ ಬದುಕಿದೆ. ನವೆಂಬರ್ ಬಂದು ಅಲ್ಲಿ ಗಡಿಯಾರ ಹಿಂದೆ ತಿರುಗಿಸಿದಾಗ ಮಾತ್ರ ಗಡುವು 10:29ಕ್ಕೆ ಹೋಗುತ್ತಿತ್ತು. ಆ ಒಂದು ಗಂಟೆ ನನಗೆ ದೀಪಾವಳಿ ಬೋನಸ್ ಇದ್ದ ಹಾಗೆ.

ಓದಿದ್ದು ಇಮೇಜಿಂಗ್ ಸೈನ್ಸ್. ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಆನ್‌ಲೈನ್ ಎಂಎಸ್. 'ಫೋಟೋಗ್ರಫಿ ಕೋರ್ಸಾ?' ಅಂತ ಎಲ್ಲರೂ ಕೇಳ್ತಾರೆ. ಅಲ್ಲ. ಬೆಳಕು ಒಂದು ವಸ್ತುವಿನಿಂದ ಹೊರಟು, ಗಾಳಿ ದಾಟಿ, ಲೆನ್ಸ್ ಹೊಕ್ಕು, ಸೆನ್ಸರಿಗೆ ಬಿದ್ದು, ಸಂಖ್ಯೆಯಾಗಿ, ಕೊನೆಗೆ ನಮ್ಮ ಕಣ್ಣಿಗೆ ಚಿತ್ರವಾಗಿ ಕಾಣುವವರೆಗೆ ದಾರಿಯಲ್ಲಿ ಏನೇನು ಕಳೆದುಕೊಳ್ಳುತ್ತೆ ಅಂತ ಲೆಕ್ಕ ಇಡುವ ಶಾಸ್ತ್ರ.

ಬಿಇ ಮುಗಿಸಿ ಹತ್ತು ವರ್ಷ ಆದಮೇಲೆ ಈ ಹುಚ್ಚು ಹತ್ತಿದ್ದು ಆಫೀಸಿನ ಒಂದು ಸೋಲಿನಿಂದ. ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ಫೋಟೋ ನೋಡಿ ಒಳ್ಳೆಯದು, ಕೆಟ್ಟದ್ದು ಬೇರೆ ಮಾಡುವ ಸಾಫ್ಟ್‌ವೇರ್ ನಮ್ಮದು. ಬೆಳಗಿನ ಪಾಳಿಯಲ್ಲಿ ಸರಿಯಾಗಿರುತ್ತಿತ್ತು, ಸಂಜೆ ಒಳ್ಳೆಯ ಭಾಗಗಳನ್ನೂ ತಿರಸ್ಕರಿಸುತ್ತಿತ್ತು. ನಾಲ್ಕು ತಿಂಗಳು ಕೋಡ್ ತಿದ್ದಿದೆವು. ಮೀಟಿಂಗಿನಲ್ಲಿ ಆ ಕಡೆಯ ಹಿರಿಯ ಎಂಜಿನಿಯರ್ ಒಬ್ಬರು, 'ನಿಮ್ಮ ಚಿತ್ರದಲ್ಲಿರೋ ನಾಯ್ಸ್ ಎಲ್ಲಿಂದ ಬರುತ್ತೆ?' ಅಂತ ಕೇಳಿದರು. ನಾನು ಮ್ಯೂಟ್ ಆಗಿರೋ ಹಾಗೆ ನಟಿಸಿದೆ. ಓಪನ್‌ಸಿವಿಯ ನೂರು ಫಂಕ್ಷನ್ ಹೆಸರು ಗೊತ್ತಿತ್ತು, ಅವು ಯಾಕೆ ಬೇಕು ಅನ್ನೋದು ಗೊತ್ತಿರಲಿಲ್ಲ.

ಕಾರು ಬದಲಿಸಲು ಎತ್ತಿಟ್ಟಿದ್ದ ದುಡ್ಡು, ಸಾಲದ್ದಕ್ಕೆ ಒಂದಿಷ್ಟು ಸಾಲ, ಎಲ್ಲ ಸೇರಿಸಿ ಫೀಸು ಕಟ್ಟಿದೆ. ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ, 'ಇನ್ನೂ ಎಂತ ಓದೋದು ಮಾರಾಯ? ಕೆಲಸ ಉಂಟಲ್ಲ?' ಅಂದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಆ ವಿಭಾಗಕ್ಕೆ ಚೆಸ್ಟರ್ ಕಾರ್ಲ್‌ಸನ್ ಹೆಸರಿಟ್ಟಿದ್ದಾರೆ. ಈತನ ಹೆಸರು ನಮಗೆ ಗೊತ್ತಿಲ್ಲದಿದ್ದರೂ ಋಣ ಎಲ್ಲರ ಮೇಲೂ ಇದೆ. ಝೆರಾಕ್ಸ್ ಕಂಡುಹಿಡಿದ ಮನುಷ್ಯ! ನಮ್ಮ ಬಿಇ ಪಾಸಾದದ್ದೇ ಕಾಲೇಜು ಗೇಟಿನೆದುರಿನ ಝೆರಾಕ್ಸ್ ಅಂಗಡಿಯ ಕೃಪೆಯಿಂದ ತಾನೇ? ಕಾರ್ಲ್‌ಸನ್ ಹಗಲು ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತ, ರಾತ್ರಿ ಕಾನೂನು ಓದುತ್ತಿದ್ದವ. ಪುಸ್ತಕ ಕೊಳ್ಳಲಾಗದೆ ಲೈಬ್ರರಿಯಲ್ಲಿ ಕೂತು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದ. 1938ರ ಅಕ್ಟೋಬರ್ 22ರಂದು ಅವನ ಮೊದಲ ಪ್ರತಿ ಮೂಡಿತು. ಕಂಪನಿಗಳು ಒಂದರ ಹಿಂದೆ ಒಂದು ಬೇಡ ಅಂದವು. ಕೊನೆಗೆ ಕೈಹಿಡಿದದ್ದು ರಾಚೆಸ್ಟರಿನ ಒಂದು ಸಣ್ಣ ಕಂಪನಿ. ಅದೇ ಮುಂದೆ ಝೆರಾಕ್ಸ್ ಆಯಿತು. ನಿದ್ದೆಗೆಟ್ಟು ಪುಸ್ತಕ ಮುಚ್ಚುವ ಅನಿಸಿದಾಗೆಲ್ಲ ಇವನನ್ನು ನೆನೆಸಿಕೊಳ್ಳುತ್ತಿದ್ದೆ.

ಅದೇ ಊರಲ್ಲಿ ಕೊಡ್ಯಾಕ್ ಕೂಡ ಇತ್ತು. ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ. ಸಾಲಿಗೆ 100ರಂತೆ 100 ಸಾಲು, ಒಟ್ಟು ಹತ್ತು ಸಾವಿರ ಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯೋದಕ್ಕೆ 23 ಸೆಕೆಂಡು ಬೇಕಿತ್ತು. ತನ್ನ ಮನೆಯಲ್ಲೇ ಹುಟ್ಟಿದ ಕೂಸನ್ನು ಸರಿಯಾಗಿ ಸಾಕದ ಆ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು.

ಪಾಠ ಶುರುವಾಗಿದ್ದು ಫೋರಿಯರ್‌ನಿಂದ. ಬಿಇಯಲ್ಲಿ ಫೋರಿಯರ್ ಅಂದ್ರೆ ಹತ್ತು ಅಂಕದ ಎರಡು ಪ್ರಶ್ನೆ, ಬಾಯಿಪಾಠ, ಮುಗೀತು. ಈ ಸಲ ರೆಕಾರ್ಡೆಡ್ ಪಾಠವನ್ನು ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿ, ಮೂರನೇ ಸಲಕ್ಕೆ ಅರ್ಥವಾದಾಗ ರಾತ್ರಿ ಒಂದು ಗಂಟೆಗೆ ಒಬ್ಬನೇ ನಕ್ಕಿದ್ದೆ. ಮೊದಲ ಸೆಮಿಸ್ಟರಿನಲ್ಲಿ ಅಂಕ ಚೆನ್ನಾಗೇನೂ ಬರಲಿಲ್ಲ. ಮಗಳಿಗೆ ಜ್ವರ ಬಂದ ವಾರ ಒಂದು ಅಸೈನ್‌ಮೆಂಟ್ ಹೋಯಿತು, ರಿಲೀಸ್ ಇದ್ದ ವಾರ ಇನ್ನೊಂದು. ಹೆಂಡತಿ ಸಿಟ್ಟಾಗಿದ್ದು ಕಡಿಮೆ. ಆದರೆ, 'ನಿನ್ನ ಫೋಟಾನ್ ಎಣಿಸಿ ಮುಗಿದಿದ್ರೆ ಹಾಲು ತಂದುಬಿಡು' ಅನ್ನುವ ದನಿಯಲ್ಲಿ ಎಲ್ಲವೂ ಇರುತ್ತಿತ್ತು.

ಫೋಟಾನ್ ಎಣಿಸೋದು ಸುಳ್ಳಲ್ಲ. ಮಲೆನಾಡಿನ ಅಂಗಳದಲ್ಲಿ ಒಂದೇ ಅಳತೆಯ ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದೀರಿ ಅಂದುಕೊಳ್ಳಿ. ತುಂತುರು ಮಳೆ ಬಂತು. ಸರಾಸರಿ ಬಟ್ಟಲಿಗೆ ನೂರು ಹನಿ. ಆದರೆ ಎಲ್ಲದರಲ್ಲೂ ಸರಿಯಾಗಿ ನೂರೇ ಇರಲ್ಲ. ಒಂದರಲ್ಲಿ 92, ಇನ್ನೊಂದರಲ್ಲಿ 109. ಈ ಏರುಪೇರು ಸುಮಾರಾಗಿ ಹನಿಗಳ ಸಂಖ್ಯೆಯ ವರ್ಗಮೂಲದಷ್ಟು. ನೂರಕ್ಕೆ ಹತ್ತು, ಅಂದ್ರೆ ಶೇ. 10. ಜಡಿಮಳೆಯಲ್ಲಿ ಹತ್ತು ಸಾವಿರ ಹನಿ ಬಿದ್ದರೆ ಏರುಪೇರು ನೂರು, ಬರೀ ಶೇ. 1. ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲೂ ಇಂಥ ಒಂದು ಬಟ್ಟಲು. ಬೆಳಕು ಕಡಿಮೆಯಾದಷ್ಟೂ ಚಿತ್ರ ಮರಳು ಮರಳಾಗಿ ಕಾಣೋದು ಇದಕ್ಕೇ. ಇದು ಸೆನ್ಸರಿನ ದೋಷವಲ್ಲ, ಬೆಳಕಿನ ಸ್ವಭಾವ. ಎಂಥ ದುಬಾರಿ ಕ್ಯಾಮೆರಾ ತಂದರೂ ಇದರಿಂದ ತಪ್ಪಿಸಿಕೊಳ್ಳೋಕಾಗಲ್ಲ.

ಮರುದಿನ ಕಾರ್ಖಾನೆಯ ಹಳೆಯ ಚಿತ್ರ ತೆಗೆದು ಲೆಕ್ಕ ಹಾಕಿದೆ. ಕಿಟಕಿಯ ಬೆಳಕು ಸಂಜೆ ಇಳಿಯುತ್ತಿತ್ತು, ನಾಯ್ಸ್ ಏರುತ್ತಿತ್ತು, ನಮ್ಮ ಕೋಡ್ ಅದನ್ನೇ ಗೀರು ಅಂದುಕೊಳ್ಳುತ್ತಿತ್ತು. ನಾಲ್ಕು ತಿಂಗಳು ತಿದ್ದಿದ ಕೋಡಿಗೆ ಪರಿಹಾರ ಒಂದು ಹೆಚ್ಚುವರಿ ದೀಪ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಮ್ಮದು ಅಡಿಕೆ ತೋಟ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಆರಿಸಬೇಕು. ಒಂದೊಂದಕ್ಕೂ ರೇಟು ಬೇರೆ. ಅಪ್ಪ ಬೆಳಗಿನ ಬೆಳಕಿನಲ್ಲಿ ಜಗುಲಿಯಲ್ಲಿ ಕೂತೇ ಆರಿಸೋದು, ದೀಪದ ಬೆಳಕಲ್ಲಿ ಅಡಿಕೆ ಮುಟ್ಟಲ್ಲ. ಅಮ್ಮ ಅಂಗಡಿಯ ಸೀರೆಯನ್ನು ಹೊರಗೆ ಬಿಸಿಲಿಗೆ ಹಿಡಿದು ನೋಡೋದೂ ಇದೇ ಕಾರಣಕ್ಕೆ. ಒಂದು ಬೆಳಕಿನಲ್ಲಿ ಒಂದೇ ಥರ ಕಾಣುವ ಎರಡು ಬಣ್ಣ, ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ನಮ್ಮ ಪುಸ್ತಕದಲ್ಲಿ ಇದಕ್ಕೆ ಮೆಟಮೆರಿಸಂ ಅಂತ ಹೆಸರು.

ಆ ಎರಡು ವರ್ಷ ಅಪ್ಪ ಆರಿಸಿ ಕಳಿಸಿದ ಬೆಟ್ಟೆಯಲ್ಲಿ ರಾಶಿ ಬೆರೆತಿದೆ ಅಂತ ಮಂಡಿಯವರು ರೇಟು ಇಳಿಸಿದ್ದರು. ಮೂವತ್ತು ವರ್ಷದ ವ್ಯವಹಾರ ಅದು. ನನ್ನ ಬಿಇ ಫೀಸಿಗೆ ಮುಂಗಡ ಕೊಟ್ಟವರೂ ಅವರೇ. ಅಪ್ಪ ಫೋನಿನಲ್ಲಿ ಬೇಜಾರು ಮಾಡಿಕೊಂಡಾಗ ನಾನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, 'ವಯಸ್ಸಾದವರು ಅಂತ ಮೋಸ ಮಾಡ್ತಿದಾರೆ ಅಪ್ಪ, ಮಂಡಿ ಬದಲಿಸಿ' ಅಂದಿದ್ದೆ. ಅಪ್ಪ ಬದಲಿಸಿದರು. ಪೇಟೆಯಲ್ಲಿ ಎದುರಾದರೂ ಮಾತಿಲ್ಲ.

ಮನುಷ್ಯನ ಕಣ್ಣಿನ ಪಾಠ ಬಂದದ್ದು ಎರಡನೇ ವರ್ಷ. ವಯಸ್ಸಾದಂತೆ ಕಣ್ಣಿನ ಲೆನ್ಸ್ ಹಳದಿಯಾಗುತ್ತೆ, ನೀಲಿ ಬೆಳಕನ್ನು ತಡೆಯುತ್ತೆ. ಪೊರೆ ಬಂದರೆ ಬೆಳಕು ಒಳಗೇ ಚದುರಿ, ಹತ್ತಿರ ಹತ್ತಿರದ ಬಣ್ಣಗಳ ವ್ಯತ್ಯಾಸ ಅಳಿಸಿಹೋಗುತ್ತೆ. ಇದು ಎಷ್ಟು ನಿಧಾನ ಅಂದ್ರೆ, ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತೆ. ಜಗತ್ತು ಹಳದಿಯಾಗಿದೆ ಅಂತ ನೋಡುವವನಿಗೇ ಗೊತ್ತಾಗಲ್ಲ. ಚಿತ್ರಕಾರ ಮೋನೆಗೂ ಪೊರೆ ಬಂದಿತ್ತು, 1923ರಲ್ಲಿ ಆಪರೇಷನ್ ಆಯಿತು. ಆ ಹೊತ್ತಿಗೆ ಅವನ ತೋಟದ ಚಿತ್ರಗಳು ಕೆಂಪು ಕಂದು ಬಣ್ಣಕ್ಕೆ ತಿರುಗಿದ್ದವು.

ಪಾಠ ಅಲ್ಲಿಗೇ ನಿಲ್ಲಿಸಿದೆ. ಕಂದು ಬಣ್ಣ. ಬೆಟ್ಟೆ, ರಾಶಿ.

ಬೆಳಗಾಗೋದನ್ನೇ ಕಾದು ಫೋನ್ ಮಾಡಿದೆ. 'ಕಣ್ಣಿಗೆ ಎಂತ ಆಗಿಲ್ಲ' ಅಂದರು ಅಪ್ಪ. 'ನಲವತ್ತು ವರ್ಷದಿಂದ ಅಡಿಕೆ ಆರಿಸ್ತಿದೇನೆ.' ಅಮ್ಮನ ಹತ್ತಿರ ಕೇಳಿದೆ. 'ರಾತ್ರಿ ಎದುರಿಂದ ಗಾಡಿ ಬಂದ್ರೆ ಸ್ಕೂಟರ್ ನಿಲ್ಲಿಸಿಬಿಡ್ತಾರೆ ಮಗ, ಎರಡು ವರ್ಷ ಆಯ್ತು' ಅಂದಳು. ಎರಡು ವರ್ಷದಲ್ಲಿ ನಾನು ಎಷ್ಟೋ ಸಲ ಊರಿಗೆ ಹೋಗಿದ್ದೆ. ಪ್ರತಿ ಸಲವೂ ಅಟ್ಟದ ಕೋಣೆಯಲ್ಲಿ ಕೂತು ಚಿತ್ರಗಳ ಬಗ್ಗೆ ಓದುತ್ತಿದ್ದೆ.

ಆ ಸೆಮಿಸ್ಟರ್ ಒಂದು ಕೋರ್ಸ್ ಬಿಟ್ಟು ಊರಿಗೆ ಹೋದೆ. ಎರಡೂ ಕಣ್ಣಲ್ಲಿ ಪೊರೆ. ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮರುದಿನ ಅಪ್ಪ ಜಗುಲಿಯಲ್ಲಿ ಕೂತು ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡುತ್ತಿದ್ದರು. 'ಈ ಕಣ್ಣಲ್ಲಿ ಸುಣ್ಣ ಬಳಿದಿದ್ದು. ಈ ಕಣ್ಣಲ್ಲಿ ಚಾ ಚೆಲ್ಲಿದ್ದು. ಎಂತ ಮಾರಾಯ ಇದು?' ನಾನು ವಿವರಿಸಿದೆ. ಅಪ್ಪ ಮೊದಲ ಬಾರಿಗೆ ನನ್ನ ಓದಿನ ಬಗ್ಗೆ ಪ್ರಶ್ನೆ ಕೇಳಿದರು, ಅದೂ ಒಂದು ಗಂಟೆ.

ಆಮೇಲೆ ಎದ್ದು ಹೋಗಿ, ಹಿಂದಿನ ವರ್ಷ ಆರಿಸಿ ಮೂಟೆ ಕಟ್ಟಿದ್ದ ಬೆಟ್ಟೆಯನ್ನು ಜಗುಲಿಗೆ ಸುರಿದರು. ಬಲಗಣ್ಣಲ್ಲಿ ನೋಡಿ ಆರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ರಾಶಿಯದೇ ಒಂದು ಗುಡ್ಡೆಯಾಯಿತು. ಇಬ್ಬರೂ ಮಾತಾಡಲಿಲ್ಲ.

'ನಾನೇ ಮಂಡಿ ಬದಲಿಸಿ ಅಂದಿದ್ದು' ಅಂದೆ.

'ಹೇಳಿದ್ದು ನೀನು. ಬೈದು ಬಂದದ್ದು ನಾನು' ಅಂದರು ಅಪ್ಪ.

ಮುಂದಿನ ವಾರ ಅಪ್ಪನನ್ನು ನಾನೇ ಹಳೆಯ ಮಂಡಿಗೆ ಕರೆದುಕೊಂಡು ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದೆ. ಅಪ್ಪ ಒಳಗೆ ಹೋಗಿ ಕೂತು, 'ಕಣ್ಣಿಗೆ ಪೊರೆ ಬಂದಿತ್ತು ಮಾರಾಯ್ರೆ' ಅಂದರು, ಅಷ್ಟೇ. ಅವರು ಒಂದು ಕ್ಷಣ ಅಪ್ಪನನ್ನು ನೋಡಿ, ಹುಡುಗನನ್ನು ಕರೆದು ಮೂರು ಕಾಫಿ ಹೇಳಿದರು.

ಡಿಗ್ರಿ ಮುಗಿಯೋಕೆ ಒಂದು ಸೆಮಿಸ್ಟರ್ ಹೆಚ್ಚು ಹಿಡಿಯಿತು. ಸರ್ಟಿಫಿಕೇಟ್ ಬಂದಿದೆ. ಸಂಬಳ ಹೇಳಿಕೊಳ್ಳುವಷ್ಟು ಏರಿಲ್ಲ, ಕಾರು ಹಳೆಯದೇ. 'ಆನ್‌ಲೈನ್ ಎಂಎಸ್ ಮಾಡಬಹುದಾ?' ಅಂತ ಜೂನಿಯರ್‌ಗಳು ಕೇಳಿದರೆ, ಮಾಡಿ, ಆದರೆ ರೆಸ್ಯೂಮೆಯ ಒಂದು ಸಾಲಿಗೋಸ್ಕರ ಅಂದ್ರೆ ಬೇಡ ಅಂತೀನಿ. ರಾತ್ರಿ ನಿದ್ದೆ ಕೆಡಿಸುವ ಒಂದು ಪ್ರಶ್ನೆ ನಿಮ್ಮ ಹತ್ತಿರ ಇರಬೇಕು. ಮನೆಗೆ ಆಗಾಗ ಫೋನನ್ನೂ ಮಾಡ್ತಿರಿ. ಆಗ ಲ್ಯಾಪ್‌ಟಾಪ್ ಮುಚ್ಚಿಡಿ.