ರಿವರ್ಸ್ ಬೀಳದ ಕಾರು

ಹತ್ತು ತಿಂಗಳು ನಾನು ಹಿಂದಕ್ಕೆ ತೆಗೆಯಬೇಕಾಗದ ಜಾಗ ನೋಡಿಯೇ ಕಾರು ನಿಲ್ಲಿಸಿದೆ. ಶಹಾಬಜಾರದ ನಮ್ಮ ಬಾಡಿಗೆ ಮನೆಯ ಮುಂದೆಯೇ ಜಾಗ ಇತ್ತು. ಆದರೂ ಓಣಿ ಬಾಯಲ್ಲಿ, ಬೇವಿನ ಗಿಡದ ಕೆಳಗೆ, ಈ ಕಡೆಯಿಂದ ಒಳಗೆ ಹೋಗಿ ಆ ಕಡೆಯಿಂದ ಹೊರಗೆ ಬರಬಹುದಾದ ಬಯಲಲ್ಲಿ ನಿಲ್ಲಿಸಿ ಮನೆಗೆ ನಡೆದು ಬರುತ್ತಿದ್ದೆ. ಎದುರು ಮನೆ ಕಾಕಾ, "ಭಾರೀ ವಾಕಿಂಗ್ ನಡಿಸೀದಿ ಬಿಡಪಾ" ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಗೇರ್‌ಬಾಕ್ಸ್ ಕಥೆ ಹೇಳಿದರೆ ಇಡೀ ಓಣಿಗೆ ಗೊತ್ತಾಗುತ್ತದೆ, ಆಮೇಲೆ ಮಾರೋದು ಕಷ್ಟ ಅಂತ ಆಗಲೇ ತಲೆಯಲ್ಲಿ ಇತ್ತು ಅನ್ನಿಸುತ್ತದೆ.

ಕಾರು 2014ರದು, ಆಟೋಮ್ಯಾಟಿಕ್. 2019ರಲ್ಲಿ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, 5 ಲಕ್ಷ 10 ಸಾವಿರ. ಮಾರಿದವರು ನನ್ನ ಹಾಗೇ ಸಾಫ್ಟ್‌ವೇರ್‌ನವರು. ಚಹಾ ಕೊಟ್ಟರು, ಸರ್ವೀಸ್ ಬುಕ್ ತೋರಿಸಿದರು, ಮಗುವಿನ ಸನ್‌ಶೇಡ್ ಹಾಗೇ ಬಿಟ್ಟುಕೊಟ್ಟರು. ಕಂಪನಿ ಹೆಸರು ಹೇಳೋದಿಲ್ಲ. ಈ ಜಾತಿಯ ಗೇರ್‌ಬಾಕ್ಸನ್ನು ಹಲವು ಕಂಪನಿಗಳು ಮಾಡಿವೆ, ನನ್ನದೊಂದು ಕಾರಿನ ಜಾತಕ ಹಿಡಿದು ಯಾರನ್ನೂ ಬೈಯುವ ಆಸೆ ಇಲ್ಲ.

2020ರಲ್ಲಿ ಎಲ್ಲರ ಹಾಗೆ ನಾನೂ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ. ಆಫೀಸು ವಾಪಸ್ ಕರೆಯಲಿಲ್ಲ. ಹೆಂಡತಿಗೆ ಕಲಬುರಗಿಯಲ್ಲೇ ಕೆಲಸ ಸಿಕ್ಕಿತು. ಅಪ್ಪ, ಅವ್ವ ಕಮಲಾಪುರದ ಹತ್ತಿರದ ಹಳ್ಳಿಯಲ್ಲಿ. ಶಹಾಬಜಾರದಿಂದ ರಿಂಗ್ ರೋಡು ಹಿಡಿದು, ಹುಮನಾಬಾದ್ ರಸ್ತೆಗೆ ಬಂದು, ಮಹಾಗಾಂವ ಕ್ರಾಸ್ ದಾಟಿದರೆ ಹೆಚ್ಚುಕಮ್ಮಿ ನಲವತ್ತು ಕಿಲೋಮೀಟರ್. ವಾರಕ್ಕೊಮ್ಮೆ ಹೋಗಿ ಬರುವುದು. ಕಾರು ಇರುವುದೇ ಇದಕ್ಕೆ ಅನ್ನುವಷ್ಟು ಸಲೀಸಾಗಿತ್ತು.

2022ರ ಡಿಸೆಂಬರ್. ಆ ವರ್ಷ ನಮ್ಮ ಕಡೆ ತೊಗರಿಗೆ ನೆಟೆರೋಗ ಬಿದ್ದಿತ್ತು. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತ್ತು. ಉಳಿದಿದ್ದರಲ್ಲಿ ಎರಡು ಚೀಲ ಡಿಕ್ಕಿಯಲ್ಲಿ ಹಾಕಿಕೊಂಡು ಅಪ್ಪನ ಜೊತೆ ಕಲಬುರಗಿಗೆ ಹೊರಟಿದ್ದೆ. ಕಮಲಾಪುರದಲ್ಲಿ ಮಗಳಿಗೆ ಕೆಂಪು ಬಾಳೆಹಣ್ಣು ತಗೊಳ್ಳೋಣ ಅಂತ ಬಂಡಿಯೊಂದರ ಮುಂದೆ ಮೂತಿ ಇಟ್ಟು ನಿಲ್ಲಿಸಿದೆ. ಹಣ್ಣು ತಗೊಂಡು ಬಂದು ರಿವರ್ಸ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರ ಮಿಣುಕಿತು. ಆಕ್ಸಿಲರೇಟರ್ ತುಳಿದರೆ ಬರೀ ಸದ್ದು. ಮುಂದೆ ಹಣ್ಣಿನ ಬಂಡಿ, ಹಿಂದೆ ಹೆದ್ದಾರಿ. ಬಂಡಿಯವ, ಟಂಟಂ ಕಾಯುತ್ತಿದ್ದ ಇಬ್ಬರು ಹುಡುಗರು, ಅರವತ್ತೇಳರ ನಮ್ಮಪ್ಪ, ಎಲ್ಲಾ ಸೇರಿ ಬಾನೆಟ್‌ಗೆ ಕೈ ಕೊಟ್ಟು ನೂಕಿದರು. ನಾನು ಒಳಗೆ ಎಸಿಯಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದೆ. ಧೋತರ ಮ್ಯಾಲೆ ಕಟ್ಟಿಕೊಂಡು ಅಪ್ಪ ನೂಕುವುದು ಗಾಜಿನಲ್ಲಿ ಕಾಣುತ್ತಿತ್ತು.

ಡ್ರೈವ್‌ಗೆ ಹಾಕಿದರೆ ಕಾರು ಮುಂದೆ ಹೋಯಿತು.

"ಮುಂದ ಹೋಗ್ತದ, ಹಿಂದ ಬರಂಗಿಲ್ಲ ಅಂದ್ರ ಹ್ಯಾಂಗೋ ತಮ್ಮಾ? ಎತ್ತು ಸುದ್ದಾ ಹಿಂದ ಸರೀತದ," ಅಂದ ಅಪ್ಪ.

ಇದಕ್ಕೆ ಉತ್ತರ ಇದೆ, ಆದರೆ ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ. ಈ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್. ಒಂದು, ಮೂರು, ಐದು, ಏಳನೇ ಗೇರುಗಳು ಒಂದು ಕ್ಲಚ್ಚಿನ ಕಡೆ. ಎರಡು, ನಾಲ್ಕು, ಆರು ಮತ್ತು ರಿವರ್ಸ್ ಇನ್ನೊಂದರ ಕಡೆ. ನೀವು ಎರಡನೇ ಗೇರಿನಲ್ಲಿ ಓಡುವಾಗಲೇ ಮೂರನೆಯದು ಆ ಕಡೆ ಸಿದ್ಧವಾಗಿ ಕೂತಿರುತ್ತದೆ, ಅದಕ್ಕೇ ಗೇರ್ ಬದಲಾಗಿದ್ದು ಗೊತ್ತೇ ಆಗೋದಿಲ್ಲ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯ ಗೇರುಗಳಲ್ಲೇ ಮನೆ ಮುಟ್ಟಿಸುತ್ತದೆ. ನಾವು ಆವತ್ತು ಒಂದರಿಂದ ನೇರ ಮೂರಕ್ಕೆ ಹಾರುತ್ತಾ ಬಂದದ್ದು ಹೀಗೆ. ನನ್ನದು ಒಣ ಕ್ಲಚ್ಚಿನದು, ಅಂದರೆ ಕ್ಲಚ್ ತಣ್ಣಗಾಗಲಿಕ್ಕೆ ಎಣ್ಣೆಯ ಸ್ನಾನ ಇಲ್ಲ. ಟ್ರಾಫಿಕ್ಕಿನಲ್ಲಿ ತೆವಳಿದಷ್ಟೂ ಕ್ಲಚ್ ಜಾರಿ ಜಾರಿ ಕಾಯುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಐದು ವರ್ಷ ತೆವಳಿ, ಆಮೇಲೆ ಕಲಬುರಗಿಯ ನಲವತ್ತೆರಡು ಡಿಗ್ರಿಗೆ ಬಂದ ಪ್ರಾಣಿ ಅದು. ಇನ್ನು ಗೇರ್ ಹಾಕುವ ಕೈ ಅಂದರೆ ಪಂಪು, ವಾಲ್ವುಗಳು, ಕಂಪ್ಯೂಟರ್ ಎಲ್ಲಾ ಸೇರಿದ ಒಂದೇ ಪೆಟ್ಟಿಗೆ. ಒಳಗಿನ ಕಡ್ಡಿಯಷ್ಟು ವಾಲ್ವ್ ಹೋದರೂ ನನಗೆ ಸಿಕ್ಕ ಉತ್ತರ ಇಡೀ ಪೆಟ್ಟಿಗೆ ಬದಲಿಸಿ ಅಂತಲೇ.

ಎಸ್ಟಿಮೇಟ್ ಬಂತು: 2 ಲಕ್ಷ 40 ಸಾವಿರ. ಕಾರಿಗೇ ಆಗ ಎರಡೂಮುಕ್ಕಾಲು ಲಕ್ಷ ಬರಬಹುದಿತ್ತು, ಅದೂ ಗೇರ್‌ಬಾಕ್ಸ್ ಸರಿ ಇದ್ದರೆ.

ಮೂರು ರಾತ್ರಿ ಓದಿದೆ. ಈ ಕಾಯಿಲೆ ಶಹಾಬಜಾರದ್ದಷ್ಟೇ ಅಲ್ಲ ಅಂತ ಗೊತ್ತಾಯಿತು. 2013ರಲ್ಲಿ ಚೀನಾದ ಸರ್ಕಾರಿ ಟಿವಿ ತೋರಿಸಿದ ಮೇಲೆ ಫೋಕ್ಸ್‌ವ್ಯಾಗನ್ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇದ್ದ 3,84,181 ಕಾರುಗಳನ್ನು ಅಲ್ಲಿ ವಾಪಸ್ ಕರೆದಿತ್ತು. ಆಸ್ಟ್ರೇಲಿಯಾದಲ್ಲಿ ಇಂಥದೇ ಗೇರ್‌ಬಾಕ್ಸಿನ ದೂರುಗಳನ್ನು ಗ್ರಾಹಕರ ತಪ್ಪು ಅನ್ನುವ ಹಾಗೆ ನಡೆಸಿಕೊಂಡಿದ್ದಕ್ಕೆ 2018ರಲ್ಲಿ ಕೋರ್ಟು ಫೋರ್ಡ್‌ಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತ್ತು. ನಮ್ಮಲ್ಲೂ ಕಾನೂನು ಬಂದಿದೆ. 2021ರ ಏಪ್ರಿಲ್‌ನಿಂದ ಸರ್ಕಾರವೇ ದೋಷ ಇರುವ ವಾಹನಗಳನ್ನು ವಾಪಸ್ ಕರೆಸಬಹುದು. ಆದರೆ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ನನ್ನದಕ್ಕೆ ಎಂಟು. ಕ್ರಿಕೆಟ್ಟಿನಲ್ಲಿ ಒಂದು ರನ್ನಿಗೆ ಸೋತ ಹಾಗಾಯಿತು.

ವಿಚಿತ್ರ ಅಂದರೆ, ಕಾರು ಪೂರ್ತಿ ಕೆಡಲಿಲ್ಲ. ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿದರೆ ಹತ್ತು ದಿನ ಸರಿ. ಆಮೇಲೆ ಒಂದು ದಿನ ಮತ್ತೆ ಮಿಣುಕು. ಕ್ಲೈಂಟುಗಳಿಗೆ ಹತ್ತು ವರ್ಷದಿಂದ "ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ" ಅಂತ ಹೇಳಿಕೊಂಡೇ ಹೊಟ್ಟೆ ಹೊರೆದವನು ನಾನು, ಹಾಗಾಗಿ ನಗುವ ಹಕ್ಕೂ ಇರಲಿಲ್ಲ. ಪೂರ್ತಿ ಕೆಟ್ಟಿದ್ದರೆ ಸುಲಭ ಇತ್ತು. ಇದು ಕೆಡುವುದಕ್ಕಾಗಿ ಕಾಯುವ ಕೆಲಸ. ಹಾಡು ಹಾಕುವುದು ಬಿಟ್ಟೆ, ಸದ್ದು ಕೇಳಬೇಕಲ್ಲ. ಸಿಗ್ನಲ್‌ನಲ್ಲಿ ನಿಂತರೆ ಕಣ್ಣು ಆ ಅಕ್ಷರದ ಮೇಲೆ. ಹೆಂಡತಿ ಮಾತಾಡಿದರೆ "ಒಂದ್ನಿಮಿಷ" ಅನ್ನುತ್ತಿದ್ದೆ. ಅವಳು ಕಾರಿನಲ್ಲಿ ಮಾತಾಡುವುದೇ ಬಿಟ್ಟಳು.

ಜನವರಿಯ ಒಂದು ರಾತ್ರಿ ಹನ್ನೊಂದೂವರೆಗೆ ಅಪ್ಪನ ಫೋನ್. ಅವ್ವನಿಗೆ ಉಬ್ಬಸ ಹೆಚ್ಚಾಗಿದೆ. ಕೀಲಿ ಕೈಯಲ್ಲಿ ಹಿಡಿದು ಬೇವಿನ ಗಿಡದವರೆಗೆ ಹೋದೆ. ಮಹಾಗಾಂವ ಕ್ರಾಸಿನ ಆಚೆ ಕತ್ತಲಲ್ಲಿ ನಿಂತುಬಿಟ್ಟರೆ? ಅವ್ವನನ್ನು ಕೂಡಿಸಿಕೊಂಡು ನಿಂತುಬಿಟ್ಟರೆ? ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿ ಊರಿನ ಟಂಟಂ ಮಾಡಿಕೊಂಡು ಬರಲಿಕ್ಕೆ ಹೇಳಿದೆ. ನಲವತ್ತು ಕಿಲೋಮೀಟರ್, ಜನವರಿಯ ಥಂಡಿ, ಬಾಗಿಲಿಲ್ಲದ ಟಂಟಂ. ಅವ್ವ ಎರಡು ಕೌದಿ ಹೊದ್ದುಕೊಂಡು ಆಸ್ಪತ್ರೆಗೆ ಬಂದಳು. ನೆಬ್ಯುಲೈಜರ್ ಕೊಟ್ಟರು, ಬೆಳಿಗ್ಗೆಗೆ ಆರಾಮಾದಳು. "ನಿನ್ನ ಕಾರ್ ಎಲ್ಲದನೋ?" ಅಂತ ಕೇಳಿದಳು. ರಿಪೇರಿಗೆ ಬಿಟ್ಟೀನಿ ಅಂದೆ.

ಮಾರಿಬಿಡೋಣ ಅಂತ ನಿರ್ಧಾರ ಆದದ್ದು ಆವತ್ತು. ಆದರೆ ಕೆಟ್ಟದ್ದನ್ನು ಯಾರು ತಗೋತಾರೆ? ಅದಕ್ಕೂ ದಾರಿ ಇತ್ತು. ಪರಿಚಯದ ಉಸ್ತಾದ್ ಸ್ಕ್ಯಾನರ್ ಹಚ್ಚಿ ನೋಡಿ, "ಕೋಡ್ ಅಳಿಸಿಬಿಡ್ತೀನಿ ಭಾಯ್. ನಾಲ್ಕೈದು ದಿನ ಏನೂ ತೋರಸಂಗಿಲ್ಲ. ಅಷ್ಟರಾಗ ಗಿರಾಕಿ ನೋಡ್ರಿ," ಅಂದ. ಕೆಟ್ಟ ಮನುಷ್ಯನಲ್ಲ. ಎಲ್ಲರೂ ಮಾಡುವುದನ್ನೇ ಹೇಳಿದ. ನಾನು ಆಗ ಬೇಡ ಅನ್ನಲಿಲ್ಲ. ನೋಡೋಣ ಅಂದೆ. ನೋಡೋಣ ಅನ್ನುತ್ತಾ ಆಗಸ್ಟ್ ಬಂತು, ಗಿರಾಕಿಯೂ ಬಂದ, ಕೋಡನ್ನೂ ಅಳಿಸಿಸಿದೆ.

ಆಳಂದ ಕಡೆಯ ಶಾಲೆಯೊಂದರ ಮೇಷ್ಟ್ರು, ಇಪ್ಪತ್ತೆಂಟು ಇರಬಹುದು. ತಾಯಿಯನ್ನೂ ಕರೆದುಕೊಂಡು ಬಂದಿದ್ದ. ರಿಂಗ್ ರೋಡಿನಲ್ಲಿ ಓಡಿಸಿದ. ಬೆಣ್ಣೆಯ ಹಾಗೆ ಓಡಿತು, ಹಾಳಾದ್ದು. "ಸರ್, ಗೇರ್‌ಬಾಕ್ಸ್ ಚಲೋ ಅದಲ್ರಿ?" ಅಂದ. "ಈಗ ನೀವೇ ಓಡಿಸಿದ್ರಲ್ರಿ," ಅಂದೆ. ಸುಳ್ಳಲ್ಲ. ಹಿಂದಿನ ಸೀಟಿನಲ್ಲಿ ತಾಯಿ ಸೀಟಿನ ಬಟ್ಟೆ ಸವರಿ ನೋಡುತ್ತಿದ್ದರು. ಎರಡು ಲಕ್ಷ ಎಪ್ಪತ್ತಕ್ಕೆ ಮಾತಾಯಿತು. ನಾಳೆ ಅಡ್ವಾನ್ಸ್ ತರ್ತೀನಿ ಅಂದು ಹೋದರು.

ಕಾಗದಪತ್ರ ತೆಗೆದಿಡೋಣ ಅಂತ ಡ್ಯಾಶ್‌ಬೋರ್ಡಿನ ಖಾನೆ ಖಾಲಿ ಮಾಡುವಾಗ 2019ರಲ್ಲಿ ನಾನೇ ಹಣ ಕೊಟ್ಟು ಮಾಡಿಸಿದ ತಪಾಸಣೆಯ ಪ್ರಿಂಟ್ ಸಿಕ್ಕಿತು. ದೋಷಗಳು: ಸೊನ್ನೆ. ಆಗ ಅಷ್ಟೇ ಓದಿ ಖುಷಿಯಾಗಿ ಮಡಚಿಟ್ಟಿದ್ದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಕೋಡ್ ಅಳಿಸಿದ ಮೇಲೆ ಓಡಿದ ದೂರ: 41 ಕಿಲೋಮೀಟರ್.

ಆ ಚಹಾ, ಆ ಸನ್‌ಶೇಡ್ ನೆನಪಾಯಿತು. ಸಿಟ್ಟು ಬರಲಿಲ್ಲ, ಅದೇ ನನಗೆ ಆಶ್ಚರ್ಯ. ಆತನೂ ಯಾವುದೋ ಎಸ್ಟಿಮೇಟ್ ಹಿಡಿದುಕೊಂಡು ಮೂರು ರಾತ್ರಿ ಓದಿರಬೇಕು ಅನ್ನಿಸಿತು. ರಾತ್ರಿ ಒಂಬತ್ತಕ್ಕೆ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಧ್ಯಾಹ್ನ ಯಾಕ ಹೇಳ್ಲಿಲ್ರಿ ಸರ್? ನಮ್ಮವ್ವ ಮನಿಗಿ ಹೋಗಿ ಎಲ್ಲಾರಿಗೂ ಹೇಳ್ಯಾಳ," ಅಂದ. ಫೋನ್ ಇಟ್ಟ. ಹೇಳಿದ್ದಕ್ಕೆ ಒಂದು ಥ್ಯಾಂಕ್ಸಾದರೂ ಬರಬಹುದು ಅಂತ ನಾನು ಕಾದಿದ್ದೆ ಅನ್ನುವುದು ಆಗ ಗೊತ್ತಾಯಿತು.

ಹೈದರಾಬಾದಿನಲ್ಲಿ ಆ ಪೆಟ್ಟಿಗೆಯನ್ನೇ ಬಿಚ್ಚಿ ರಿಪೇರಿ ಮಾಡುವವರಿದ್ದಾರೆ ಅಂತ ಉಸ್ತಾದ್‌ನೇ ಹುಡುಕಿಕೊಟ್ಟ. ಕ್ಲಚ್ ಇನ್ನೂ ಬಾಳುತ್ತದೆ, ಪೆಟ್ಟಿಗೆಯ ಕೆಲಸ ಸಾಕು ಅಂದರು. ಲಾರಿಯ ಮೇಲೆ ಹೇರಿ ಕಳಿಸಿದ್ದು ಸೇರಿ 86 ಸಾವಿರ, ಆರು ತಿಂಗಳ ವಾರಂಟಿ. ಅಪ್ಪ ಇಪ್ಪತ್ತು ಸಾವಿರ ತಂದು ಟೇಬಲ್ಲಿನ ಮೇಲಿಟ್ಟ. ನೆಟೆರೋಗದ ವರ್ಷದ ತೊಗರಿ ರೊಕ್ಕ ಅದು. ಬೇಡ ಅಂದೆ. "ನಿಮ್ಮವ್ವನ ಸಲುವಾಗಿ ಅದು, ನಿನ್ನ ಸಲುವಾಗಿ ಅಲ್ಲ," ಅಂದ. ಟಂಟಂ ರಾತ್ರಿಯ ಬಗ್ಗೆ ಅವನು ಆಡಿದ ಮಾತು ಅದೊಂದೇ. ತಗೊಂಡೆ.

ಅಕ್ಟೋಬರಿನಲ್ಲಿ ಕಾರು ಬಂತು. ಅವ್ವನನ್ನು ಎರಡು ಸಲ ಆಸ್ಪತ್ರೆಗೆ ಕರೆತಂದಿದ್ದೀನಿ, ಒಮ್ಮೆ ರಾತ್ರಿಯೇ. ಕಮಲಾಪುರದಲ್ಲಿ ಹಣ್ಣಿನ ಬಂಡಿ ಮುಂದೆ ನಿಲ್ಲಿಸಿ ರಿವರ್ಸ್ ಹಾಕಿದರೆ ಅಪ್ಪ ಇನ್ನೂ ಬಾಗಿಲ ಹಿಡಿಕೆಗೆ ಕೈ ಹಾಕುತ್ತಾನೆ, ಇಳಿದು ನೂಕಬೇಕಾಗಬಹುದು ಅಂತ. ವಾರಂಟಿ ಏಪ್ರಿಲ್‌ಗೇ ಮುಗಿದಿದೆ. ಕಾರು ಈಗಲೂ ಬೇವಿನ ಗಿಡದ ಕೆಳಗೇ ನಿಲ್ಲಿಸುತ್ತೀನಿ.